ತಂದೆಯ ಟ್ಯಾಂಕ್ ಎಲ್ಲಿತ್ತು?



ಎರಡನೆಯ ಮಹಾಯುದ್ಧವನ್ನು ನೀವು ಪಠ್ಯಪುಸ್ತಕದಲ್ಲಿ ಓದಿದ್ದೀರಿ. 1939ರಲ್ಲಿ ಆರಂಭ, 1945ರಲ್ಲಿ ಅಂತ್ಯ. ನಡುವೆ ಕಾರಣಗಳು, ಘಟನೆಗಳು, ಪರಿಣಾಮಗಳು. ಪರೀಕ್ಷೆಗೆ ಇಷ್ಟು ಸಾಕು. ಆದರೆ ಆ ಯುದ್ಧಕ್ಕೆ ಹೋಗಿ ಬಂದವರ ಮನೆಗಳಲ್ಲಿ ಅದು ಬೇರೆ ರೂಪದಲ್ಲಿ ಉಳಿದಿರುತ್ತದೆ. ಅಟ್ಟದ ಮೇಲೊಂದು ಟ್ರಂಕು, ಅದರೊಳಗೆ ರಿಬ್ಬನ್ ಮಾಸಿದ ಮೂರು ಪದಕಗಳು, ಸಮವಸ್ತ್ರ ತೊಟ್ಟ ಯುವಕನ ಒಂದು ಭಾವಚಿತ್ರ, ಅಂಗೈಯಗಲದ ಒಂದು ಹಳೆಯ ಪುಸ್ತಿಕೆ. ತಂದೆ ಬದುಕಿದ್ದಾಗ ಯುದ್ಧದ ಮಾತೆತ್ತಿದರೆ "ಅದೆಲ್ಲ ಈಗೇಕೆ" ಎಂದು ಸುಮ್ಮನಾಗುತ್ತಿದ್ದರು. ಅವರು ತೀರಿಕೊಂಡ ಮೇಲೆ ಮಕ್ಕಳು ಟ್ರಂಕು ತೆರೆಯುತ್ತಾರೆ. ಆಗ ಪ್ರಶ್ನೆ ಏಳುತ್ತದೆ: ಅಪ್ಪ ಟ್ಯಾಂಕ್ ರೆಜಿಮೆಂಟಿನಲ್ಲಿದ್ದರು, ಸರಿ. ಆದರೆ ಎಲ್ಲಿದ್ದರು? ಏನು ಮಾಡಿದರು? ಏನನ್ನು ಕಂಡರು?

ಬ್ರಿಟನ್ನಿನಲ್ಲಿ ಸಾವಿರಾರು ಕುಟುಂಬಗಳು ಈ ಪ್ರಶ್ನೆಯನ್ನು ಹಿಡಿದು ದಾಖಲೆಗಳ ಬಾಗಿಲು ತಟ್ಟಿವೆ. ಕೇಳಲು ಸುಲಭವಾದ ಪ್ರಶ್ನೆ, ಉತ್ತರ ಮಾತ್ರ ಸುಲಭವಲ್ಲ. ಯುದ್ಧದಲ್ಲಿ ಮಡಿದವನ ಹೆಸರು ಕಲ್ಲಿನ ಮೇಲೆ ಇರುತ್ತದೆ. ಅವನ ದಿನ, ರೆಜಿಮೆಂಟು, ಮಣ್ಣಾದ ಜಾಗ ಎಲ್ಲವೂ ಬರೆದಿಟ್ಟದ್ದು. ಬದುಕಿ ಬಂದ ಸಾಮಾನ್ಯ ಸೈನಿಕನ ಹೆಸರೇ ಕಾಗದಗಳಲ್ಲಿ ಅತಿ ಕಡಿಮೆ ಸಿಗುವುದು. ಅಂಥ ಒಬ್ಬನ ಚರಿತ್ರೆಯನ್ನು ಹೇಗೆ ಹುಡುಕಬೇಕು, ಎಲ್ಲಿಯವರೆಗೆ ನಂಬಬೇಕು ಎಂಬುದನ್ನು ನಮ್ಮ ದೇಶದಲ್ಲೇ ನಡೆದ ಒಂದು ಟ್ಯಾಂಕ್ ಕಾಳಗದ ಮೂಲಕ ಈಗ ನೋಡೋಣ.

ಹೆಸರಿನಲ್ಲಿ ಕುದುರೆ, ಕೆಲಸದಲ್ಲಿ ಟ್ಯಾಂಕ್

ಮೊದಲು ಒಂದು ಗೊಂದಲವನ್ನು ನಿವಾರಿಸಿಕೊಳ್ಳಬೇಕು. ಕಾಗದಗಳಲ್ಲಿ ನಿಮಗೆ ಕಾಣುವ ಹೆಸರುಗಳು ಹೀಗಿರುತ್ತವೆ: ಡೆಕ್ಕನ್ ಹಾರ್ಸ್, 7ನೇ ಲೈಟ್ ಕ್ಯಾವಲ್ರಿ, 3ನೇ ಕ್ಯಾರಬಿನಿಯರ್ಸ್. ಓದಿದವರು ಇವೆಲ್ಲ ಕುದುರೆ ಸವಾರರ ಪಡೆಗಳೆಂದು ತಿಳಿಯುವುದು ಸಹಜ. ಹಿಂದೆ ಅವು ಹಾಗೆಯೇ ಇದ್ದವು. 1930ರ ದಶಕದಿಂದ ಒಂದೊಂದಾಗಿ ಕುದುರೆಗಳನ್ನು ಬಿಟ್ಟು ಟ್ಯಾಂಕ್‌ಗಳನ್ನೂ ಕವಚ ವಾಹನಗಳನ್ನೂ ಪಡೆದವು. ಭಾರತದಲ್ಲಿ ಸಿಂಧ್ ಹಾರ್ಸ್ 1938ರಲ್ಲಿಯೇ ಕುದುರೆಗಳಿಗೆ ವಿದಾಯ ಹೇಳಿತು. ಹೆಸರು ಮಾತ್ರ ಹಳೆಯದೇ ಉಳಿಯಿತು. ಆದುದರಿಂದ ಬ್ರಿಟಿಷ್ ಕಾಗದದಲ್ಲಿ 'ಟ್ರೂಪರ್' ಎಂದಿದ್ದರೂ, ಭಾರತೀಯ ಕಾಗದದಲ್ಲಿ 'ಸವಾರ್' ಎಂದಿದ್ದರೂ, 1944ರ ಹೊತ್ತಿಗೆ ಅವನು ಬಹುಶಃ ಕುದುರೆ ಏರಿದವನಲ್ಲ, ಉಕ್ಕಿನ ಪೆಟ್ಟಿಗೆಯೊಳಗೆ ಕುಳಿತವನು.

ಇನ್ನೊಂದು ಸಂಗತಿ. ಒಂದು ಟ್ಯಾಂಕ್ ರೆಜಿಮೆಂಟಿನಲ್ಲಿ ಐವತ್ತಕ್ಕೂ ಹೆಚ್ಚು ಟ್ಯಾಂಕ್‌ಗಳಿರುತ್ತಿದ್ದವು. ಅವು ಎ, ಬಿ, ಸಿ ಎಂಬ ಸ್ಕ್ವಾಡ್ರನ್‌ಗಳಾಗಿ ವಿಂಗಡವಾಗಿರುತ್ತಿದ್ದವು. ಒಂದೊಂದು ಸ್ಕ್ವಾಡ್ರನ್ನಿನಲ್ಲಿ ಮತ್ತೆ ಟ್ರೂಪ್ ಎಂಬ ಸಣ್ಣ ತುಕಡಿಗಳು. ರೆಜಿಮೆಂಟಿನ ಎಲ್ಲರೂ ಟ್ಯಾಂಕಿನೊಳಗೆ ಇರುತ್ತಿರಲಿಲ್ಲ. ಲಾರಿ ಚಾಲಕರು, ಮೆಕ್ಯಾನಿಕ್‌ಗಳು, ಅಡಿಗೆಯವರು, ಗುಮಾಸ್ತರು, ಮದ್ದುಗುಂಡು ಸಾಗಿಸುವವರು ಕೂಡ ಅದೇ ಬಿಲ್ಲೆ ಧರಿಸುತ್ತಿದ್ದರು. ಹೀಗಾಗಿ 'ಇಂಥ ರೆಜಿಮೆಂಟಿನಲ್ಲಿದ್ದರು' ಎಂಬುದಕ್ಕೂ 'ಇಂಥ ಕಾಳಗದಲ್ಲಿ ಟ್ಯಾಂಕಿನೊಳಗಿದ್ದರು' ಎಂಬುದಕ್ಕೂ ನಡುವೆ ದೊಡ್ಡ ಅಂತರವಿದೆ. ನಮ್ಮ ಶೋಧನೆಯೆಲ್ಲ ಆ ಅಂತರದಲ್ಲೇ ನಡೆಯಬೇಕಾದದ್ದು.

ಟ್ರಂಕಿನ ಸಾಕ್ಷ್ಯ

ಹುಡುಕಾಟ ಮನೆಯಿಂದಲೇ ಆರಂಭವಾಗುತ್ತದೆ. ಭಾವಚಿತ್ರದಲ್ಲಿ ಟೋಪಿಯ ಮೇಲಿನ ಬಿಲ್ಲೆಯನ್ನು ಭೂತಗನ್ನಡಿಯಿಟ್ಟು ನೋಡಿ. ಅಡ್ಡಡ್ಡವಾಗಿಟ್ಟ ಎರಡು ಬಂದೂಕು, ಅದರ ಮೇಲೆ ಮೂರು ಗರಿ ಕಂಡರೆ ಅದು 3ನೇ ಕ್ಯಾರಬಿನಿಯರ್ಸ್‌ನ ಗುರುತು. ಸೈನಿಕನ ಸಂಖ್ಯೆಯೂ ಮಾತನಾಡುತ್ತದೆ. ಬ್ರಿಟಿಷ್ ಸೇನೆಯಲ್ಲಿ ಒಂದೊಂದು ವಿಭಾಗಕ್ಕೆ ಒಂದೊಂದು ಸಂಖ್ಯಾ ಸರಣಿ ಇತ್ತು. 1942ರ ಜುಲೈ ನಂತರ ಸೇರಿದ ಸಾಮಾನ್ಯ ಸೈನಿಕರನ್ನು ಮೊದಲು ಒಂದೇ ತರಬೇತಿ ವಿಭಾಗಕ್ಕೆ ತೆಗೆದುಕೊಳ್ಳುತ್ತಿದ್ದುದರಿಂದ ಅವರ ಸಂಖ್ಯೆ ಸಾಮಾನ್ಯವಾಗಿ 14 ಎಂದು ಆರಂಭವಾಗುತ್ತದೆ. ಅಂಗೈಯಗಲದ ಆ ಪುಸ್ತಿಕೆ ಸಂಬಳದ ಪುಸ್ತಕ. ಅದರಲ್ಲಿ ಹಾಕಿಸಿಕೊಂಡ ಚುಚ್ಚುಮದ್ದು, ಪಡೆದ ತರಬೇತಿ, ಹತ್ತಿರದ ಬಂಧುವಿನ ಹೆಸರು ಇರುತ್ತವೆ.

ಪದಕಗಳ ವಿಷಯದಲ್ಲಿ ಎಚ್ಚರಿಕೆ ಬೇಕು. 'ಬರ್ಮಾ ಸ್ಟಾರ್' ಎಂಬ ಪದಕ ಟ್ರಂಕಿನಲ್ಲಿದ್ದರೆ ಅದು ಆ ರಣರಂಗದ ಸೇವೆಗಾಗಿ ಕೊಟ್ಟ ಪದಕ ಎಂಬುದಷ್ಟೇ ಖಚಿತ. ಯಾವ ಕಾಳಗ ಎಂಬುದನ್ನು ಅದು ಹೇಳುವುದಿಲ್ಲ. ಅದಲ್ಲದೆ ಬ್ರಿಟಿಷ್ ಸೈನಿಕರಿಗೆ ಕೊಟ್ಟ ಆ ಯುದ್ಧದ ಪದಕಗಳ ಮೇಲೆ ಹೆಸರು ಕೆತ್ತಿರಲಿಲ್ಲ. ಭಾರತೀಯ ಸೇನೆಯವರ ಪದಕಗಳ ಮೇಲೆ ಬಹುಮಟ್ಟಿಗೆ ಹೆಸರು, ಸಂಖ್ಯೆಗಳನ್ನು ಕೆತ್ತಿ ಕೊಟ್ಟರು. ಆದುದರಿಂದ ಭಾರತೀಯ ಸೈನಿಕನ ಪದಕದ ಅಂಚನ್ನು ಮರೆಯದೆ ನೋಡಿ. ಉಜ್ಜಿ ಹೊಳಪು ಕೊಡಲು ಹೋಗಬೇಡಿ, ಅಕ್ಷರ ಸವೆದೀತು.

ಕಡತ ಮತ್ತು ದಿನಚರಿ

ಮನೆಯ ಸಾಕ್ಷ್ಯ ಮುಗಿದ ಮೇಲೆ ಸರ್ಕಾರದ ಸಾಕ್ಷ್ಯ. ಇದರಲ್ಲಿ ಮುಖ್ಯವಾದವು ಎರಡು.

ಮೊದಲನೆಯದು ಸೈನಿಕನ ಸೇವಾ ಕಡತ. ಬ್ರಿಟನ್ನಿನಲ್ಲಿ ಇವು ಬಹುಕಾಲ ರಕ್ಷಣಾ ಸಚಿವಾಲಯದ ವಶದಲ್ಲಿದ್ದವು. 2022ರಿಂದ ಸುಮಾರು 97 ಲಕ್ಷ ಕಡತಗಳನ್ನು ಲಂಡನ್ನಿನ ಕ್ಯೂ ಎಂಬಲ್ಲಿರುವ ರಾಷ್ಟ್ರೀಯ ಪತ್ರಾಗಾರಕ್ಕೆ ವರ್ಗಾಯಿಸುವ ದೊಡ್ಡ ಕಾರ್ಯ ಆರಂಭವಾಯಿತು. ಸೈನಿಕ ತೀರಿಕೊಂಡಿದ್ದರೆ ಮರಣ ಪತ್ರದ ಪ್ರತಿಯೊಡನೆ ಮನೆಯವರು ಕಡತವನ್ನು ಕೇಳಬಹುದು. ಸೇರಿದ ದಿನ, ಪಡೆದ ತರಬೇತಿ, ಹಡಗು ಹತ್ತಿದ ಮತ್ತು ಇಳಿದ ದಿನ, ಯಾವ ರೆಜಿಮೆಂಟಿಗೆ ಯಾವಾಗ ಹೋದ, ಯಾವಾಗ ಆಸ್ಪತ್ರೆಗೆ ಸೇರಿದ, ಯಾವಾಗ ಬಿಡುಗಡೆಯಾದ ಎಂಬುದೆಲ್ಲ ಅದರಲ್ಲಿ ಸಿಗುತ್ತದೆ. ಆದರೆ ಕಾಳಗದ ಒಂದು ಮಾತೂ ಅದರಲ್ಲಿ ಇರುವುದಿಲ್ಲ. ಅದು ಗುಮಾಸ್ತರು ಬರೆದದ್ದು, ಸಂಕ್ಷೇಪಾಕ್ಷರಗಳಿಂದ ತುಂಬಿದ್ದು.

ಎರಡನೆಯದು ವಾರ್ ಡೈರಿ, ಅಂದರೆ ರೆಜಿಮೆಂಟಿನ ಯುದ್ಧ ದಿನಚರಿ. ಪ್ರತಿಯೊಂದು ಪಡೆಯೂ ಯುದ್ಧಕಾಲದಲ್ಲಿ ಇದನ್ನು ಬರೆಯಲೇಬೇಕಾಗಿತ್ತು. ಸ್ಥಳ, ದಿನ, ವೇಳೆ, ನಡೆದ ಸಂಗತಿ ಎಂದು ಗೆರೆ ಹಾಕಿದ ಹಾಳೆಗಳು. ಬರ್ಮಾ ಮತ್ತು ಮಣಿಪುರದ ರಣರಂಗದ ದಿನಚರಿಗಳು ಕ್ಯೂ ಪತ್ರಾಗಾರದಲ್ಲಿ 'ಡಬ್ಲ್ಯೂ.ಓ. 172' ಎಂಬ ಶ್ರೇಣಿಯಲ್ಲಿವೆ. ಭಾರತೀಯ ಪಡೆಗಳ ದಿನಚರಿಗಳೂ ಅದರಲ್ಲಿ ಸೇರಿವೆ. ರೆಜಿಮೆಂಟು ಎಲ್ಲಿತ್ತು, ಏನು ಮಾಡಿತು ಎಂಬುದು ಅಲ್ಲಿ ಸಿಗುತ್ತದೆ. ಆದರೆ ಅಧಿಕಾರಿಗಳ ಹೆಸರು ಬರುವಷ್ಟು ಸಾಮಾನ್ಯ ಸೈನಿಕರ ಹೆಸರು ಬರುವುದಿಲ್ಲ. 'ಇತರ ದರ್ಜೆಯವರು ಇಬ್ಬರು ಮೃತ, ನಾಲ್ವರು ಗಾಯಾಳು' ಎಂಬಂತೆ ಅವರು ಬರಿಯ ಅಂಕಿಯಾಗಿ ಬಂದುಹೋಗುತ್ತಾರೆ.

ನೋಡಿ, ಒಂದು ಕಡತ 'ಯಾರು, ಯಾವಾಗ' ಎಂದು ಹೇಳುತ್ತದೆ. 'ಏನು' ಎಂದು ಹೇಳುವುದಿಲ್ಲ. ಇನ್ನೊಂದು 'ಏನು, ಎಲ್ಲಿ' ಎಂದು ಹೇಳುತ್ತದೆ. 'ಯಾರು' ಎಂದು ಹೇಳುವುದಿಲ್ಲ. ಎರಡನ್ನೂ ಪಕ್ಕದಲ್ಲಿಟ್ಟು ದಿನಾಂಕದಿಂದ ದಿನಾಂಕಕ್ಕೆ ಹೊಲಿಯುವುದೇ ಸಂಶೋಧಕನ ಕೆಲಸ.

ನುಂಗ್‌ಶಿಗುಮ್ ಬೆಟ್ಟ

1944ರ ಮಾರ್ಚ್ ತಿಂಗಳಲ್ಲಿ ಜಪಾನೀ ಸೇನೆ ಬರ್ಮಾದಿಂದ ಮಣಿಪುರಕ್ಕೆ ನುಗ್ಗಿತು. ತಿಂಗಳ ಕೊನೆಗೆ ಕೊಹಿಮಾ-ಇಂಫಾಲ ರಸ್ತೆ ಕಡಿದುಹೋಯಿತು. ಜೂನ್ 22ರಂದು ರಸ್ತೆ ಮತ್ತೆ ತೆರೆಯುವವರೆಗೆ ಇಂಫಾಲಕ್ಕೆ ವಿಮಾನವೇ ಗತಿ. ವಿಮಾನನೆಲೆ ಕೈತಪ್ಪಿದರೆ ಇಂಫಾಲವೂ ಕೈತಪ್ಪಿದಂತೆ. ಅದರ ಉತ್ತರಕ್ಕೆ, ಬಯಲಿನಿಂದ ಸುಮಾರು 1,000 ಅಡಿ ಎತ್ತರಕ್ಕೆ ಎದ್ದು ನಿಂತ ಬೆಟ್ಟವೇ ನುಂಗ್‌ಶಿಗುಮ್. ಏಪ್ರಿಲ್ ಎರಡನೆಯ ವಾರದಲ್ಲಿ ಜಪಾನೀಯರು ಅದರ ನೆತ್ತಿಯನ್ನು ಹಿಡಿದು ಬಂಕರುಗಳನ್ನು ತೋಡಿ ಕುಳಿತರು.

ಏಪ್ರಿಲ್ 13ರಂದು ಅದನ್ನು ಮರಳಿ ಪಡೆಯುವ ದಾಳಿ ನಡೆಯಿತು. 17ನೇ ಡೋಗ್ರಾ ರೆಜಿಮೆಂಟಿನ 1ನೇ ಬೆಟಾಲಿಯನ್ನಿನ ಕಾಲಾಳುಗಳು ಮತ್ತು 3ನೇ ಕ್ಯಾರಬಿನಿಯರ್ಸ್‌ನ ಬಿ ಸ್ಕ್ವಾಡ್ರನ್ನಿನ ಟ್ಯಾಂಕ್‌ಗಳು ಒಟ್ಟಿಗೆ ಬೆಟ್ಟ ಏರಿದರು. ಅವು 'ಲೀ' ಎಂಬ ಅಮೆರಿಕನ್ ಟ್ಯಾಂಕ್‌ಗಳು. ಒಂದೊಂದರಲ್ಲಿ ಆರು-ಏಳು ಜನ. ದೇಹದ ಬಲಪಕ್ಕದಲ್ಲಿ 75 ಮಿಲಿಮೀಟರ್ ತೋಪು, ಮೇಲೆ ತಿರುಗುವ ಗೋಪುರದಲ್ಲಿ 37 ಮಿಲಿಮೀಟರ್ ತೋಪು. ಅಂಥ ಕಡಿದಾದ ಬೆಟ್ಟವನ್ನು ಟ್ಯಾಂಕ್ ಏರೀತೆಂದು ಜಪಾನೀಯರು ನಿರೀಕ್ಷಿಸಿರಲಿಲ್ಲ.

ಬೆಟ್ಟದ ಏಣು ಎಷ್ಟು ಇಕ್ಕಟ್ಟಾಗಿತ್ತೆಂದರೆ ಟ್ಯಾಂಕ್‌ಗಳು ಒಂದರ ಹಿಂದೊಂದು ಹೋಗಬೇಕಾಯಿತು. ಕೆಳಗೆ ಕುಳಿತ ಚಾಲಕನಿಗೆ ಕಿಂಡಿಯಲ್ಲಿ ಆಕಾಶವೋ ಎದುರಿನ ಮಣ್ಣೋ ಕಾಣಬೇಕೇ ಹೊರತು ದಾರಿ ಕಾಣದು. ಒಂದು ಮೊಳ ತಪ್ಪಿದರೆ ಟ್ಯಾಂಕ್ ಉರುಳಿ ಕಣಿವೆಗೆ. ಆದುದರಿಂದ ಪ್ರತಿ ಟ್ಯಾಂಕಿನ ಕಮಾಂಡರ್ ಮೇಲಿನ ಮುಚ್ಚಳ ತೆರೆದು ತಲೆ ಹೊರಗಿಟ್ಟು ದಾರಿ ತೋರಿಸಬೇಕಾಯಿತು. ಆ ತಲೆಗಳೇ ಗುಂಡಿಗೆ ಗುರಿಯಾದವು. ಸ್ಕ್ವಾಡ್ರನ್ನಿನ ನಾಯಕ ಮೇಜರ್ ಸ್ಯಾನ್‌ಫರ್ಡ್ ಸೇರಿದಂತೆ ದಾಳಿಗೆ ಹೋದ ಟ್ಯಾಂಕ್ ಅಧಿಕಾರಿಗಳೆಲ್ಲ ಸತ್ತರು. ಡೋಗ್ರಾ ಪಡೆಯ ಬ್ರಿಟಿಷ್ ಅಧಿಕಾರಿಗಳೂ ಬಿದ್ದರು.

ಆಗ ಸ್ಕ್ವಾಡ್ರನ್ ಸಾರ್ಜೆಂಟ್ ಮೇಜರ್ ಕ್ರ್ಯಾಡಕ್ ಟ್ಯಾಂಕ್‌ಗಳ ನಾಯಕತ್ವ ವಹಿಸಿದರು. ಕಾಲಾಳುಗಳನ್ನು ಡೋಗ್ರಾ ಸುಬೇದಾರರು ನಡೆಸಿದರು. ಇಬ್ಬರ ನಡುವೆ ಭಾಷೆಯ ತೊಡಕಿತ್ತು, ಪಕ್ಕದಲ್ಲಿ ಗುಂಡಿನ ಮಳೆಯಿತ್ತು. ಆದರೂ ಹೊಂದಿಕೊಂಡು ಬಂಕರುಗಳನ್ನು ಒಂದೊಂದಾಗಿ ಒಡೆದು ನೆತ್ತಿಯನ್ನು ಗೆದ್ದರು. ಆ ನೆನಪಿಗಾಗಿ ಈ ಸ್ಕ್ವಾಡ್ರನ್ನಿನಲ್ಲಿ ಒಂದು ಸಂಪ್ರದಾಯ ಬೆಳೆಯಿತು: ನುಂಗ್‌ಶಿಗುಮ್ ದಿನದ ಕವಾಯತನ್ನು ಅಧಿಕಾರಿಗಳು ನಡೆಸುವುದಿಲ್ಲ, ಸಾರ್ಜೆಂಟ್ ಮೇಜರ್ ನಡೆಸುತ್ತಾರೆ. 1971ರಲ್ಲಿ ರೆಜಿಮೆಂಟು ಇನ್ನೊಂದರೊಡನೆ ವಿಲೀನವಾಗಿ ರಾಯಲ್ ಸ್ಕಾಟ್ಸ್ ಡ್ರಗೂನ್ ಗಾರ್ಡ್ಸ್ ಆದ ಮೇಲೂ ಅದು ಮುಂದುವರಿಯಿತು.

'ಅಂತೆ' ಎಂಬ ಎರಡಕ್ಷರ

ಈಗ ನಮ್ಮ ಪ್ರಶ್ನೆಗೆ ಬರೋಣ. ಒಂದು ಉದಾಹರಣೆ ಕಲ್ಪಿಸಿಕೊಳ್ಳಿ. ಇಂಗ್ಲೆಂಡಿನ ಒಂದು ಮನೆಯಲ್ಲಿ "ನಮ್ಮಪ್ಪ ನುಂಗ್‌ಶಿಗುಮ್ ಬೆಟ್ಟಕ್ಕೆ ಟ್ಯಾಂಕ್ ಏರಿಸಿದವರು" ಎಂಬ ಮಾತು ಮೂರು ತಲೆಮಾರಿನಿಂದ ನಡೆದು ಬಂದಿದೆ. ಮಗಳು ಕಡತ ತರಿಸುತ್ತಾಳೆ. ತಂದೆ 3ನೇ ಕ್ಯಾರಬಿನಿಯರ್ಸ್‌ನಲ್ಲಿ ಚಾಲಕ-ಮೆಕ್ಯಾನಿಕ್ ಆಗಿದ್ದದ್ದು ನಿಜ. ಆದರೆ 1944ರ ಏಪ್ರಿಲ್ ಮೊದಲ ವಾರ ಮಲೇರಿಯಾದಿಂದ ಆಸ್ಪತ್ರೆ ಸೇರಿ, 20ರಂದು ಮರಳಿದ್ದಾರೆ. 13ನೇ ತಾರೀಖು ಅವರು ಬೆಟ್ಟದ ಮೇಲೆ ಇರಲು ಸಾಧ್ಯವೇ ಇಲ್ಲ.

ಹಾಗಾದರೆ ತಂದೆ ಸುಳ್ಳು ಹೇಳಿದರೇ? ಅವಸರದ ತೀರ್ಪು ಬೇಡ. ಸೈನಿಕರು ತಮ್ಮ ಪಡೆಯ ಬಗ್ಗೆ ಮಾತನಾಡುವಾಗ 'ನಾನು' ಎನ್ನುವುದು ಕಡಿಮೆ, 'ನಾವು' ಎನ್ನುವುದೇ ಹೆಚ್ಚು. "ನಾವು ಬೆಟ್ಟ ಏರಿದೆವು" ಎಂದು ಅವರು ಹೇಳಿರಬಹುದು. ನಮ್ಮೂರಿನ ತಂಡ ಕಬಡ್ಡಿ ಗೆದ್ದರೆ ಅಂಕಣಕ್ಕೆ ಇಳಿಯದವರೂ "ನಾವು ಗೆದ್ದೆವು" ಎನ್ನುವುದಿಲ್ಲವೇ? ಆ 'ನಾವು' ಕೇಳಿದವರ ಬಾಯಲ್ಲಿ ಮುಂದೆ 'ಅವರು' ಆಗಿರಬಹುದು. ಇನ್ನೊಂದು ಸಾಧ್ಯತೆಯೂ ಉಂಟು. ತನ್ನ ಸಂಗಡಿಗರು ಸಾಯುವಾಗ ತಾನು ಆಸ್ಪತ್ರೆಯಲ್ಲಿ ಮಲಗಿದ್ದೆ ಎಂಬುದೇ ಒಬ್ಬನ ಜೀವನದುದ್ದದ ಮೌನಕ್ಕೆ ಕಾರಣವಾಗಿರಬಹುದು. ಆದರೆ ಇದೂ ಊಹೆಯೇ. ಊಹೆಯನ್ನು ಊಹೆ ಎಂದೇ ಬರೆಯಬೇಕು.

ಇಲ್ಲಿ ಕನ್ನಡ ನಮ್ಮ ಸಹಾಯಕ್ಕೆ ಬರುತ್ತದೆ. ನಮ್ಮ ಭಾಷೆಯಲ್ಲಿ 'ಅಂತೆ' ಎಂಬ ಎರಡಕ್ಷರದ ಮಾತಿದೆ. "ಅವರು ಬೆಟ್ಟ ಏರಿದರು" ಎಂದರೆ ಹೇಳುವವನಿಗೆ ಅದು ಖಚಿತ. "ಏರಿದರಂತೆ" ಎಂದರೆ ಅದು ಕೇಳಿದ ಮಾತು. ಹಳ್ಳಿಯ ಅಜ್ಜಿಗೂ ಗೊತ್ತಿರುವ ಈ ವ್ಯತ್ಯಾಸವೇ ಇತಿಹಾಸಕಾರನ ಮೊದಲ ಪಾಠ. ನೀವು ಬರೆಯುವ ಪ್ರತಿ ವಾಕ್ಯದ ಮುಂದೆ ನಿಂತು ಕೇಳಿ: ಇದು 'ಆಗಿತ್ತು' ಎಂಬುದೋ, 'ಆಗಿತ್ತಂತೆ' ಎಂಬುದೋ? ಮೊದಲನೆಯದಾದರೆ ಯಾವ ಕಾಗದ ಹಾಗೆನ್ನುತ್ತದೆ? ಎರಡನೆಯದಾದರೆ ಹೇಳಿದವರು ಯಾರು, ಯಾವಾಗ ಹೇಳಿದರು? ಎರಡನ್ನೂ ಇಟ್ಟುಕೊಳ್ಳಿ, ಆದರೆ ಬೆರೆಸಬೇಡಿ. 'ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು' ಎಂಬ ಗಾದೆ ಸರ್ಕಾರಿ ಕಾಗದಕ್ಕೂ ಅನ್ವಯಿಸುತ್ತದೆ. ದಿನಚರಿಯನ್ನು ಬರೆದವನು ದಣಿದ ಅಧಿಕಾರಿ. ಕೆಲವೊಮ್ಮೆ ಕಾಳಗ ಮುಗಿದು ದಿನಗಳಾದ ಮೇಲೆ ಬರೆದಿರುತ್ತಾನೆ. ನಕ್ಷೆಯ ಅಂಕಿ, ಹಳ್ಳಿಯ ಹೆಸರು, ವೇಳೆ ತಪ್ಪಿರಬಹುದು. ಸಾಧ್ಯವಾದರೆ ಅದೇ ದಿನದ ಕಾಲಾಳು ಪಡೆಯ ದಿನಚರಿಯನ್ನೂ ಪಕ್ಕದಲ್ಲಿಟ್ಟು ನೋಡಬೇಕು.

ಟ್ಯಾಂಕಿನೊಳಗೆ ಯಾರು ಎಲ್ಲಿ ಕುಳಿತಿದ್ದರು ಎಂಬುದನ್ನೂ ಮರೆಯಬಾರದು. ಕಮಾಂಡರನಿಗೆ ಬೆಟ್ಟ ಕಾಣುತ್ತದೆ. ಚಾಲಕನಿಗೆ ಕಿಂಡಿಯಷ್ಟೇ ಜಗತ್ತು. ತೋಪಿಗೆ ಗುಂಡು ತುಂಬುವವನಿಗೆ ಹೊಗೆ, ಸೆಕೆ, ಶಬ್ದಗಳ ಹೊರತು ಬೇರೇನೂ ಇಲ್ಲ. ಆದುದರಿಂದ ಕಾಳಗದಲ್ಲಿ ನಿಜವಾಗಿ ಇದ್ದವನೂ "ನನಗೇನೂ ಗೊತ್ತಾಗಲಿಲ್ಲ" ಎಂದರೆ ಅದು ಮರೆವಲ್ಲ, ನೇರ ಸಾಕ್ಷ್ಯ. ಅಪ್ಪ ಏಕೆ ಹೆಚ್ಚು ಹೇಳಲಿಲ್ಲ ಎಂಬುದಕ್ಕೆ ಒಂದು ಉತ್ತರ ಇಲ್ಲಿಯೂ ಇರಬಹುದು.

ನಮ್ಮ ಕಡೆಯ ಕುಟುಂಬಗಳು

ಇದೇ ಇಂಫಾಲದಲ್ಲಿ, ಕ್ಯಾರಬಿನಿಯರ್ಸ್‌ನ ಜೊತೆಗೆ 254ನೇ ಭಾರತೀಯ ಟ್ಯಾಂಕ್ ಬ್ರಿಗೇಡಿನಲ್ಲಿ 7ನೇ ಲೈಟ್ ಕ್ಯಾವಲ್ರಿಯೂ ಇತ್ತು. ಅದರದು 'ಸ್ಟುವರ್ಟ್' ಎಂಬ ಹಗುರ ಟ್ಯಾಂಕ್. ಯುದ್ಧ ಮುಗಿದ ಮೇಲೆ ಆ ರೆಜಿಮೆಂಟು ಮಿತ್ರರಾಷ್ಟ್ರಗಳ ಪಡೆಯ ಭಾಗವಾಗಿ ಜಪಾನಿಗೆ ಹೋಯಿತು. 1948ರಲ್ಲಿ ಕಾಶ್ಮೀರಕ್ಕೆ ಬಂತು. ನವೆಂಬರ್ 1ರಂದು, ಸಮುದ್ರಮಟ್ಟದಿಂದ 11,500 ಅಡಿಗೂ ಎತ್ತರದ ಜೋಜಿ ಲಾ ಕಣಿವೆಯಲ್ಲಿ ಅದರ ಟ್ಯಾಂಕ್‌ಗಳು ಹಿಮದ ನಡುವೆ ದಾಳಿ ಮಾಡಿ ದಾರಿ ಬಿಡಿಸಿದವು. ಆ ಕಾರ್ಯಾಚರಣೆಯ ಸೂತ್ರಧಾರರು ಕೊಡಗಿನ ಮೇಜರ್ ಜನರಲ್ ಕೆ.ಎಸ್. ತಿಮ್ಮಯ್ಯನವರು. ಬಾಲ್ಟಾಲ್‌ನಿಂದ ಕಣಿವೆಗೆ ಟ್ಯಾಂಕ್ ಏರುವಂತೆ ದಾರಿ ಕಡಿದವರು ಬೆಂಗಳೂರಿನಲ್ಲಿ ನೆಲೆ ಇರುವ ಮದ್ರಾಸ್ ಸ್ಯಾಪರ್ಸ್ ದಳದವರು. ಇಂಫಾಲ, ಜಪಾನ್, ಜೋಜಿ ಲಾ ಮೂರನ್ನೂ ಕಂಡ ಒಬ್ಬ ಸವಾರನ ಮನೆಯಲ್ಲಿಯೂ ಹೀಗೊಂದು ಟ್ರಂಕು ಇದ್ದೀತು.

ಅಂಥ ಮನೆಯವರ ದಾರಿ ಬ್ರಿಟಿಷ್ ಮನೆಯವರ ದಾರಿಗಿಂತ ಕಡಿದು. 1947ರಲ್ಲಿ ದೇಶದೊಡನೆ ಸೇನೆಯೂ ವಿಭಾಗವಾಯಿತು. ಟ್ಯಾಂಕ್ ರೆಜಿಮೆಂಟುಗಳಲ್ಲಿ 12 ಭಾರತಕ್ಕೆ, 6 ಪಾಕಿಸ್ತಾನಕ್ಕೆ ಬಂದವು. ಉಳಿದ ರೆಜಿಮೆಂಟುಗಳ ಒಳಗೂ ಸ್ಕ್ವಾಡ್ರನ್‌ಗಳು ಧರ್ಮದ ಆಧಾರದ ಮೇಲೆ ಅತ್ತಿತ್ತ ಹೋದವು. ಒಂದೇ ಟ್ಯಾಂಕ್ ದಳದಲ್ಲಿ ಉಂಡು ಮಲಗಿದವರ ನೆನಪು ಗಡಿಯ ಎರಡು ಕಡೆ ಹಂಚಿಹೋಯಿತು.

ಆದರೂ ಬಾಗಿಲುಗಳು ಇವೆ. ಭಾರತೀಯ ಟ್ಯಾಂಕ್ ದಳದ ಸೈನಿಕರ ಸೇವಾ ದಾಖಲೆಗಳ ಕಚೇರಿ ಮಹಾರಾಷ್ಟ್ರದ ಅಹ್ಮದ್‌ನಗರದಲ್ಲಿದೆ. ಈಗ ಆ ಊರಿನ ಹೆಸರು ಅಹಿಲ್ಯಾನಗರ. ಅಲ್ಲಿಯೇ 1994ರಲ್ಲಿ ತೆರೆದ ಟ್ಯಾಂಕ್ ವಸ್ತುಸಂಗ್ರಹಾಲಯವೂ ಉಂಟು. ನಿವೃತ್ತ ಸೈನಿಕನ ಮನೆಯಲ್ಲಿ ಸಾಮಾನ್ಯವಾಗಿ ಬಿಡುಗಡೆ ಪುಸ್ತಕ ಮತ್ತು ಪಿಂಚಣಿ ಆದೇಶ ಇರುತ್ತವೆ. ಅವುಗಳಲ್ಲಿನ ಸೈನಿಕ ಸಂಖ್ಯೆಯೇ ಬೀಗದ ಕೈ. ಜಿಲ್ಲಾ ಕೇಂದ್ರದ ಸೈನಿಕ ಕಲ್ಯಾಣ ಕಚೇರಿ ಅರ್ಜಿಯ ದಾರಿ ತೋರಿಸಬಲ್ಲದು. ದೆಹಲಿಯಲ್ಲಿ ರಕ್ಷಣಾ ಸಚಿವಾಲಯದ ಇತಿಹಾಸ ವಿಭಾಗವಿದೆ. ಎರಡನೆಯ ಮಹಾಯುದ್ಧದ ಭಾರತೀಯ ಸೇನೆಯ ಅಧಿಕೃತ ಇತಿಹಾಸ ಬಿಶೇಶ್ವರ ಪ್ರಸಾದರ ಸಂಪಾದಕತ್ವದಲ್ಲಿ ಹಲವು ಸಂಪುಟಗಳಾಗಿ ಬಂದಿದೆ. 1947-48ರ ಕಾಶ್ಮೀರ ಯುದ್ಧದ ಅಧಿಕೃತ ಇತಿಹಾಸ 1987ರಲ್ಲಿ ಪ್ರಕಟವಾಯಿತು. 25 ವರ್ಷ ದಾಟಿದ ಯುದ್ಧ ದಾಖಲೆಗಳನ್ನು ತಜ್ಞರು ಪರಿಶೀಲಿಸಿ ರಾಷ್ಟ್ರೀಯ ಪತ್ರಾಗಾರಕ್ಕೆ ಒಪ್ಪಿಸಬೇಕೆಂಬ ನೀತಿಯನ್ನು ರಕ್ಷಣಾ ಸಚಿವಾಲಯ 2021ರ ಜೂನ್‌ನಲ್ಲಿ ಒಪ್ಪಿತು. 1965 ಮತ್ತು 1971ರ ಯುದ್ಧಗಳಲ್ಲಿ ಹೋರಾಡಿದವರ ಮಕ್ಕಳು ಮೊಮ್ಮಕ್ಕಳಿಗೆ ಇದು ಮುಖ್ಯವಾದ ಹೆಜ್ಜೆ. ದಕ್ಷಿಣ ಭಾರತದವರನ್ನು ಸೇರಿಸಿಕೊಳ್ಳುವ 16ನೇ ಲೈಟ್ ಕ್ಯಾವಲ್ರಿ 1965ರಲ್ಲಿ ಸಿಯಾಲ್‌ಕೋಟ್ ರಂಗದಲ್ಲಿ ಹೋರಾಡಿತ್ತು. ಹಾಗಾಗಿ ಇದು ನಮ್ಮ ಮನೆಗಳಿಂದ ದೂರದ ಮಾತಲ್ಲ.

ನೀವು ಮಾಡಬಹುದಾದದ್ದು

ಮಿತ್ರರೇ, ನಿಮ್ಮ ಮನೆಯಲ್ಲೋ ನೆರೆಯಲ್ಲೋ ಸೈನಿಕರಾಗಿದ್ದ ಹಿರಿಯರಿದ್ದರೆ ಅವರು ಇರುವಾಗಲೇ ಕೇಳಿ. "ಎಷ್ಟು ಜನರನ್ನು ಕೊಂದಿರಿ" ಎಂದು ಕೇಳಬೇಡಿ. ಅದು ಕೇಳುವ ಮಾತಲ್ಲ. ಟ್ಯಾಂಕಿನೊಳಗೆ ನಿಮ್ಮ ಜಾಗ ಯಾವುದು, ಊಟ ಹೇಗೆ ಬರುತ್ತಿತ್ತು, ಜೊತೆಗಾರರ ಊರು ಯಾವುದು ಎಂದು ಕೇಳಿ. ಅವರು ಸುಮ್ಮನಾದರೆ ನೀವೂ ಸುಮ್ಮನಾಗಿ; ಇನ್ನೊಂದು ದಿನ ಹೋಗಿ. ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದು, ಬರೆದ ದಿನಾಂಕ ಹಾಕಿ. ಭಾವಚಿತ್ರದ ಹಿಂಬದಿಯಲ್ಲಿ ಪೆನ್ಸಿಲಿನಿಂದ ಮೃದುವಾಗಿ ಹೆಸರುಗಳನ್ನು ಗುರುತಿಸಿ. ಅವರು ಈಗಾಗಲೇ ತೀರಿಕೊಂಡಿದ್ದರೆ ಒಂದು ಹಾಳೆಯಲ್ಲಿ ಎರಡು ಅಂಕಣ ಮಾಡಿ: ಒಂದರಲ್ಲಿ ಕಾಗದ ಹೇಳುವುದು, ಇನ್ನೊಂದರಲ್ಲಿ ಮನೆಯವರು ಹೇಳುವುದು.

ಕೊನೆಗೆ ಖಾಲಿ ಉಳಿಯುವ ಜಾಗಗಳು ಬಹಳವಿರುತ್ತವೆ. ಅವನ್ನು ಶೌರ್ಯದ ಕಥೆಗಳಿಂದ ತುಂಬುವ ಆಸೆ ಸಹಜ. ತುಂಬಬೇಡಿ. ಬೆಟ್ಟದ ಮೇಲೆ ಇರದಿದ್ದ ತಂದೆಯನ್ನು ಬೆಟ್ಟದ ಮೇಲೆ ನಿಲ್ಲಿಸಿದರೆ, ಅಲ್ಲಿ ನಿಜವಾಗಿ ತಲೆಯೆತ್ತಿ ನಿಂತವರ ಜಾಗವನ್ನು ಕಿತ್ತುಕೊಂಡಂತೆ. ಜೊತೆಗೆ ಕೆಳಗಿನ ಶಿಬಿರದಲ್ಲಿ ಜ್ವರದಿಂದ ಎದ್ದು ಬಂದು ಮುರಿದ ಟ್ಯಾಂಕ್ ರಿಪೇರಿ ಮಾಡಿದ ಆ ನಿಜವಾದ ತಂದೆಯನ್ನು ಎರಡನೆಯ ಸಲ ಕಳೆದುಕೊಂಡಂತೆ. ಅವನಿಗೆ ಇರುವುದು ಎರಡೇ ಸಾಲಿನ ಸಾಕ್ಷ್ಯವಾದರೆ ಎರಡೇ ಸಾಲು ಬರೆಯಿರಿ. ಆ ಎರಡು ಸಾಲು ನಿಮ್ಮ ಮಕ್ಕಳ ಕಾಲಕ್ಕೂ ನಿಲ್ಲುತ್ತದೆ.